ಮತ್ತಿ ಮರದ ಮೈ

ಫೆಬ್ರವರಿ ಕಳೆದು ಮಾರ್ಚ್ ಕಾಲಿಡುವ ಹೊತ್ತಿಗೆ ಸಿದ್ದಾಪುರದ ಕಡೆಯ ಸೊಪ್ಪಿನ ಬೆಟ್ಟಗಳಲ್ಲಿ ಮತ್ತಿ ಮರಗಳು ಬೋಳಾಗಿರುತ್ತವೆ. ಎಲೆಯೆಲ್ಲ ದರಕಾಗಿ ಕೆಳಗೆ ಬಿದ್ದಿರುತ್ತದೆ. ಹೊಸ ಚಿಗುರಿಗೆ ಇನ್ನೂ ತಿಂಗಳೊಪ್ಪತ್ತು ಕಾಯಬೇಕು. ಚಳಿ ಮುಗಿದಿದೆ, ಮಳೆ ದೂರವಿದೆ. ದರಕು ಗುಡಿಸುವವರು ಬಂದುಹೋದ ಮೇಲೆ ಬೆಟ್ಟದಲ್ಲಿ ಹಕ್ಕಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಕ್ಯಾಮೆರಾ ಹಿಡಿದವರಂತೂ ಆ ಕಡೆ ತಲೆ ಹಾಕುವುದಿಲ್ಲ. ಅವರಿಗೆ ಬೇಕಾದದ್ದು ಮಳೆಗಾಲದ ಹಸಿರು, ಜೋಗದ ನೀರು, ಇಲ್ಲವೇ ಮುತ್ತುಗದ ಹೂವು. ನಾನು ಮಾತ್ರ ನನ್ನ ವಯಸ್ಸಿನ ಅರ್ಧಕ್ಕೂ ಹೆಚ್ಚು ಕಾಲ ಫೋಟೋ ತೆಗೆದದ್ದು ಈ ನಡುಗಾಲದಲ್ಲೇ. ಅದೂ ಹೆಚ್ಚುಕಡಿಮೆ ಒಂದೇ ಮರದ್ದು, ಮರದ್ದೂ ಅಲ್ಲ, ಅದರ ತೊಗಟೆಯದು.

ಶ್ರೀಗಂಧ, ಬೀಟೆ, ಸಾಗವಾನಿಗಳಿಗೆ ಸಿಕ್ಕ ಮರ್ಯಾದೆ ಮತ್ತಿಗೆ ಎಂದೂ ಸಿಗಲಿಲ್ಲ. ಆದರೆ ನಮ್ಮ ಅಡಿಕೆ ತೋಟಗಳು ಬದುಕಿದ್ದು ಅದರ ಸೊಪ್ಪಿನಿಂದ. ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ತಂದು ಕೊಟ್ಟಿಗೆಗೆ ಹಾಸುತ್ತಿದ್ದರು, ಬೇಸಿಗೆಯಲ್ಲಿ ದರಕು ಹೊರುತ್ತಿದ್ದರು. ದನಕರು ತುಳಿದ ಸೊಪ್ಪು ಸಗಣಿ ಗಂಜಲದ ಜೊತೆ ಗೊಬ್ಬರಗುಂಡಿಯಲ್ಲಿ ಕಳಿತು ಕೊನೆಗೆ ಅಡಿಕೆ ಮರದ ಬುಡ ಸೇರುತ್ತಿತ್ತು. ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಆಮೇಲೆ ಬ್ರಿಟಿಷರು ಕಾಡಿಗೆ ಕಾನೂನು ತಂದಾಗ ತೋಟಿಗರ ಈ ಹಕ್ಕನ್ನೂ ಕಾಗದಕ್ಕೆ ಇಳಿಸಿದರು. ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ತೋಟದ್ದು. ಹಾಗಾಗಿ ನಾನು ಹೇಳುತ್ತಿರುವ ಮರ ನಮ್ಮದೂ ಹೌದು, ಅಲ್ಲವೂ ಹೌದು.

ಕಾಡಿನ ನಡುವೆ ತನ್ನಷ್ಟಕ್ಕೆ ಬೆಳೆದ ಮತ್ತಿ ಎತ್ತರಕ್ಕೆ ಹೋಗಿ ಟೊಂಗೆ ಚಾಚುತ್ತದೆ. ಬೆಟ್ಟದ ಮತ್ತಿ ಹಾಗಲ್ಲ. ತಲೆಮಾರುಗಳಿಂದ ಟೊಂಗೆ ಕಡಿಸಿಕೊಂಡು, ತುದಿಯಲ್ಲಿ ಒಂದು ಕುಚ್ಚು ಸೊಪ್ಪು ಮಾತ್ರ ಉಳಿಸಿಕೊಂಡು, ಮೈತುಂಬ ಗಂಟು ಕಟ್ಟಿಕೊಂಡು ನಿಂತಿರುತ್ತದೆ. ಹೊರಗಿನಿಂದ ಬಂದವರು ಇದನ್ನು ನೋಡಿ ಮರಕ್ಕೆ ರೋಗವೇನೋ ಎಂದುಕೊಳ್ಳುತ್ತಾರೆ. ಬೇರೆ ಜಾತಿಯ ಮರಗಳು ಇಷ್ಟು ಕಡಿತಕ್ಕೆ ಸೊರಗಿ ಹೋದಾವು. ಮತ್ತಿ ಮತ್ತೆ ಚಿಗುರುತ್ತದೆ. ನನ್ನ ಮಟ್ಟಿಗೆ ಆ ಗಂಟುಗಳಷ್ಟು ಕಣ್ಣು ತುಂಬುವ ವಸ್ತು ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಮರದ ಮೈ ನನ್ನ ತಲೆಗೆ ಹೊಕ್ಕಿದ್ದು 1983ರಲ್ಲಿ. ಆ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಅಲ್ಲಿಂದ ಶುರುವಾಯಿತು. ನಾನಾಗ ಹೈಸ್ಕೂಲು. ಆಮೇಲೆ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನಮ್ಮ ಮನೆಯ ಜಗುಲಿಯಲ್ಲಿ ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು. ದೊಡ್ಡವರು ಮುಖ ಹುಡುಕುತ್ತಿದ್ದರು: ಇವರು ಯಾರ ಮನೆಯವರು, ಅವರು ಯಾವ ಊರಿನವರು ಎಂದು. ನನಗೆ ಕಂಡದ್ದು ತೊಗಟೆಗೆ ಒತ್ತಿದ ಕೆನ್ನೆ. ಅಷ್ಟು ಒರಟು ಮೈಗೆ ಕೆನ್ನೆ ಒತ್ತಿದರೆ ಗೀರು ಬೀಳುವುದಿಲ್ಲವೇ, ಆ ಕೆನ್ನೆಯ ಕೆಳಗೆ ಏನಿದೆ ಎಂಬ ಕುತೂಹಲ ಹಾಗೇ ಉಳಿಯಿತು.

ಕ್ಯಾಮೆರಾ ಕೈಗೆ ಬಂದದ್ದು ಕೆಲಸ ಸಿಕ್ಕ ಮೇಲೆ. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ, ರಜೆಗೆ ಮನೆ. ಶಿವಮೊಗ್ಗದಲ್ಲಿ ಯಾರೋ ಬಳಸಿ ಮಾರಿದ ಪೆಂಟಾಕ್ಸ್ ಕೆ1000, ಅದಕ್ಕೊಂದು 50 ಮಿಲಿಮೀಟರ್ ಲೆನ್ಸ್. ಬ್ಯಾಟರಿ ಹೋದರೂ ನಡೆಯುವ ಕ್ಯಾಮೆರಾ. ಬ್ಯಾಟರಿ ಬೇಕಾದದ್ದು ಬೆಳಕಿನ ಮೀಟರಿಗೆ ಮಾತ್ರ. ಫಿಲ್ಮು ಹೆಚ್ಚಾಗಿ ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಅಟ್ಟದ ಮೂಲೆಗೆ ಕಂಬಳಿ ಕಟ್ಟಿ ಕತ್ತಲೆ ಕೋಣೆ ಮಾಡಿಕೊಂಡಿದ್ದೆ. ಹೈಪೋ ವಾಸನೆ ಅಡಿಕೆ ಚೀಲಗಳಿಗೆ ಹತ್ತುತ್ತದೆ ಎಂದು ಅಮ್ಮನಿಗೆ ಅಸಮಾಧಾನ. ಆದರೂ ಬಾವಿಯಿಂದ ತಣ್ಣನೆ ನೀರು ಸೇದಿ ತಂದಿಡುತ್ತಿದ್ದವಳು ಅವಳೇ.

ಕರಿಮತ್ತಿಯ, ಅಂದರೆ ನಮ್ಮ ಬೆಟ್ಟದ ಈ ಮತ್ತಿಯ, ತೊಗಟೆ ಮೀಟರಿಗೆ ದೊಡ್ಡ ಪರೀಕ್ಷೆ. ಕ್ಯಾಮೆರಾದ ಮೀಟರು ಎದುರಿಗಿರುವುದು ಏನೇ ಆಗಿರಲಿ, ಅದನ್ನು ನಡುಬೂದಿ ಬಣ್ಣ ಎಂದೇ ಎಣಿಸಿ ಲೆಕ್ಕ ಹೇಳುತ್ತದೆ. ಬಿಳಿ ಸುಣ್ಣದ ಗೋಡೆಯೂ ಅದಕ್ಕೆ ಬೂದಿ, ಕಪ್ಪು ತೊಗಟೆಯೂ ಬೂದಿ. ಅದರ ಮಾತು ಕೇಳಿದರೆ ಮತ್ತಿಯ ಮೈ ಬೆಳ್ಳಗಾಗಿ, ಬಿಸಿಲು ಬಿದ್ದ ಅಂಚುಗಳೆಲ್ಲ ಸುಟ್ಟು ಹೋಗುತ್ತವೆ. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಕಪ್ಪಿನಿಂದ ಬಿಳಿಯವರೆಗೆ ಸೊನ್ನೆಯಿಂದ ಹತ್ತರ ತನಕ ಮೆಟ್ಟಿಲು ಹಾಕಿ ಒಂದು ಪದ್ಧತಿ ಮಾಡಿದ್ದರು. ಮೀಟರು ತೋರಿಸುವುದು ಐದನೇ ಮೆಟ್ಟಿಲು. ತೊಗಟೆ ಕಪ್ಪಾಗಿಯೂ ಇರಬೇಕು, ಅದರೊಳಗಿನ ಗೆರೆಗಳೂ ಕಾಣಬೇಕು ಎಂದರೆ ಅದನ್ನು ಮೂರನೇ ಮೆಟ್ಟಿಲಿಗೆ ಇಳಿಸಬೇಕು, ಅಂದರೆ ಎರಡು ಸ್ಟಾಪ್ ಬೆಳಕು ಕಡಿಮೆ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದ ಮೇಲೆ ಬಿರುಕಿನ ಆಳದಲ್ಲಿದ್ದ ಕಪ್ಪಿನಲ್ಲೂ ಹತ್ತು ಬಗೆ ಇರುವುದು ಕಾಗದದ ಮೇಲೆ ಕಾಣತೊಡಗಿತು. ತಟ್ಟೆಯ ದ್ರಾವಣದಲ್ಲಿ ಅದ್ದಿದ ಬಿಳಿ ಕಾಗದದ ಮೇಲೆ ಮೊದಲು ಬಿರುಕುಗಳು, ಆಮೇಲೆ ಚಕ್ಕೆಯ ಅಂಚು, ಕೊನೆಗೆ ಚಕ್ಕೆಯ ಮೇಲಿನ ಕೂದಲಿನಂಥ ಸಣ್ಣ ಗೀರುಗಳು ಮೂಡುತ್ತಿದ್ದವು. ಕೆಂಪು ಬಲ್ಬಿನ ಬೆಳಕಿನಲ್ಲಿ ಅದನ್ನು ನೋಡುವ ಸುಖವನ್ನು ಈಗಿನ ಪರದೆ ಕೊಡಲಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮತ್ತಿಯ ತೊಗಟೆಯನ್ನು ಇಂಗ್ಲಿಷಿನವರು ಮೊಸಳೆ ಚರ್ಮಕ್ಕೆ ಹೋಲಿಸಿ ಮರಕ್ಕೂ ಅದೇ ಹೆಸರಿಟ್ಟಿದ್ದಾರೆ. ಆದರೆ ಹತ್ತಿರ ಹೋದಷ್ಟೂ ಆ ಹೋಲಿಕೆ ಸಾಲದಾಗುತ್ತದೆ. ಹೊರತೊಗಟೆ ಸತ್ತ ವಸ್ತು. ಒಳಗೆ ಕಾಂಡ ವರ್ಷವರ್ಷ ದಪ್ಪವಾಗುತ್ತದೆ, ಹೊರಗಿನ ಸತ್ತ ಪದರ ಹಿಗ್ಗಲಾರದು, ಹಾಗಾಗಿ ಬಿರಿಯುತ್ತದೆ. ಬಿರಿದದ್ದನ್ನು ಏನು ಮಾಡಬೇಕು ಎಂಬುದರಲ್ಲೇ ಮರಮರಕ್ಕೂ ಸ್ವಭಾವ ಬೇರೆ. ನಮ್ಮ ಮತ್ತಿಯ ಪಕ್ಕದಲ್ಲೇ ಒಂದು ನಂದಿ ಮರವಿದೆ. ಅದು ಹಳೆಯ ತೊಗಟೆಯನ್ನು ತೆಳ್ಳನೆಯ ಹಾಳೆಗಳಾಗಿ ಸುಲಿದು ಕೆಡವಿ, ಬೆಳ್ಳನೆ ನುಣುಪು ಮೈಯಲ್ಲಿ ನಿಲ್ಲುತ್ತದೆ. ಹೊಳೆಯಂಚಿನ ಹೊಳೆಮತ್ತಿ, ಕರಿಮತ್ತಿಯ ದಾಯಾದಿಯೇ ಆದರೂ, ಅದೂ ಹೀಗೆಯೇ ಚಕ್ಕೆ ಉದುರಿಸುವ ನುಣುಪು ಮರ. ಕರಿಮತ್ತಿ ಮಾತ್ರ ಏನನ್ನೂ ಬೇಗ ಬಿಡುವುದಿಲ್ಲ. ಹಳೆಯದರ ಕೆಳಗೆ ಹೊಸತನ್ನು ಪೇರಿಸುತ್ತ ಹೋಗುತ್ತದೆ. ಬೆಂಕಿ ಬಿದ್ದಾಗ ಈ ದಪ್ಪವೇ ಅದನ್ನು ಕಾಯುವುದು. ಬೇಸಿಗೆಯ ನೆಲಬೆಂಕಿ ಬೆಟ್ಟದಲ್ಲಿ ಹಾದುಹೋದ ವರ್ಷ ನಂದಿಯ ಬುಡ ಸುಟ್ಟು ಬಿರಿದಿತ್ತು. ಮತ್ತಿಯ ಬುಡದಲ್ಲಿ ಮೊಣಕಾಲೆತ್ತರ ಮಸಿ ಹಿಡಿದಿತ್ತು, ಅಷ್ಟೇ. ಮಸಿ ಹಿಡಿದ ಚಕ್ಕೆಗಳ ಮೇಲೆ ಇನ್ನೂ ಸಣ್ಣ ಚೌಕದ ಬಿರುಕುಗಳು ಎದ್ದು, ಓರೆ ಬಿಸಿಲಿಗೆ ಮಿರುಗುತ್ತಿದ್ದವು. ಮುಂದಿನ ಮಳೆಗಾಲದ ಹೊತ್ತಿಗೆ ಆ ಮಿರುಗು ತೊಳೆದು ಹೋಯಿತು. ಮಸಿ ಮಾತ್ರ ಬಿರುಕಿನೊಳಗೆ ಈಗಲೂ ಇದೆ.

ಒಂದೇ ಮರಕ್ಕೆ ಎರಡು ಮುಖಗಳಿರುತ್ತವೆ ಎಂಬುದು ಅರ್ಥವಾದದ್ದು ನಿಧಾನವಾಗಿ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣ ಮತ್ತು ತೆಂಕಣ ದಿಕ್ಕಿನಿಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರದ ಪಡುವಣ ಮೈ ಒಣಗುವುದೇ ಇಲ್ಲ. ಹಾವಸೆ, ಕಲ್ಲುಹೂವು, ಜರಿಗಿಡ, ಸೀತಾಳೆ ಎಲ್ಲ ಸೇರಿಕೊಂಡದ್ದು ಆ ಕಡೆ. ಮೂಡಣ ಮೈಯಲ್ಲಿ ಬರೀ ತೊಗಟೆ. ಮಾರ್ಚಿನ ಬೆಳಿಗ್ಗೆ ಏಳು ಏಳೂವರೆಗೆ ಬಿಸಿಲು ಗುಡ್ಡದ ಏಣು ದಾಟಿ ಬರುವಾಗ ಮರದ ಬಲಮಗ್ಗುಲಿಗೆ ನಿಂತು ನೋಡಬೇಕು. ಬೆಳಕು ಮೈಯನ್ನು ಸವರಿಕೊಂಡು ಹೋಗುತ್ತದೆ. ಪ್ರತಿ ಚಕ್ಕೆಯ ಒಂದು ಅಂಚು ಬೆಳ್ಳಗೆ, ಇನ್ನೊಂದರ ಪಕ್ಕ ಕಡುಗಪ್ಪು ನೆರಳು. ಅರ್ಧ ಗಂಟೆ ಕಳೆದರೆ ಸೂರ್ಯ ಮೇಲೇರಿ ಬೆಳಕು ನೇರಕ್ಕೆ ತಿರುಗಿ, ಅದೇ ಜಾಗ ಚಪ್ಪಟೆಯಾಗುತ್ತದೆ. ಎಲೆಯಿದ್ದ ಕಾಲದಲ್ಲಿ ಈ ಅರ್ಧ ಗಂಟೆಯೂ ಸಿಗದು, ಸುತ್ತಲಿನ ಮರಗಳ ನೆರಳೇ ಮೈಮೇಲೆ ಕುಣಿಯುತ್ತಿರುತ್ತದೆ. ಎಲ್ಲ ಮರಗಳೂ ಒಟ್ಟಿಗೆ ಬೋಳಾದ ಈ ಕೆಲವೇ ವಾರ ಬುಡದವರೆಗೂ ಬಿಸಿಲು ತಡೆಯಿಲ್ಲದೆ ತಲುಪುತ್ತದೆ. ನಾನು ಈ ಕಾಲಕ್ಕೆ ಅಂಟಿಕೊಂಡದ್ದು ಮೊದಲಿಗೆ ಇಷ್ಟೇ ಕಾರಣಕ್ಕೆ.

ಮಾರ್ಚಿನಲ್ಲಿ ಒರಲೆ ಏರುತ್ತದೆ. ನೆಲದಿಂದ ಸಣ್ಣ ಮಣ್ಣಿನ ಕೊಳವೆ ಎದ್ದು, ಕವಲಾಗಿ, ಹರಡಿ, ಕೆಲವು ವಾರಗಳಲ್ಲಿ ಆಳೆತ್ತರ ತೊಗಟೆಗೆ ಕೆಂಪು ಮಣ್ಣಿನ ಗಿಲಾವು ಹಾಕಿದಂತಾಗುತ್ತದೆ. ಮರಕ್ಕೆ ಇದರಿಂದ ಅಪಾಯವಿಲ್ಲ, ಒರಲೆ ತಿನ್ನುವುದು ಸತ್ತ ಹೊರತೊಗಟೆಯನ್ನು. ಆ ಮಣ್ಣಿನ ಹಾಳೆಯ ಅಂಚು ದಿನಾ ಬೆಳೆಯುವ ಜಾಗದಲ್ಲಿ ಮಣ್ಣು ಇನ್ನೂ ಹಸಿ, ಬಣ್ಣ ಗಾಢ. ಹಿಂದೆ ಹೋದಂತೆ ಒಣಗಿ ತಿಳಿಯಾಗುತ್ತದೆ. ಹತ್ತಿರದಿಂದ ನೋಡಿದರೆ ಒಂದೊಂದು ಮಣ್ಣಿನ ಉಂಡೆಯೂ ಸಾಸಿವೆಗಿಂತ ಸಣ್ಣದು, ಒಂದರ ಪಕ್ಕ ಒಂದು ಒತ್ತಿ ಇಟ್ಟದ್ದು. ಬೆರಳಿನಿಂದ ಒಂದು ಚೂರು ಕೆಡವಿದರೆ ಒಳಗಿನ ಬಿಳಿ ಹುಳುಗಳು ಗಲಿಬಿಲಿಗೊಂಡು ಓಡುತ್ತವೆ. ಸಂಜೆಗೆ ಬಂದು ನೋಡಿದರೆ ಆ ಕಿಂಡಿ ಮುಚ್ಚಿರುತ್ತದೆ, ಹೊಸ ತೇಪೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಫೋಟೋಕ್ಕೆ ಆ ತೇಪೆಗಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

ಏಪ್ರಿಲಿಗೆ ಜೀರುಂಡೆಗಳು. ಅವುಗಳ ಕೂಗು ಎಲ್ಲರಿಗೂ ಗೊತ್ತು. ನನಗೆ ಬೇಕಿದ್ದದ್ದು ಅವು ಕಳಚಿಟ್ಟ ಪೊರೆ. ನೆಲದೊಳಗೆ ವರ್ಷಗಟ್ಟಲೆ ಇದ್ದ ಮರಿ ಒಂದು ರಾತ್ರಿ ಮೇಲೆ ಬಂದು, ತೊಗಟೆ ಹತ್ತಿ, ಕಾಲುಗಳನ್ನು ಬಿರುಕಿಗೆ ಸಿಕ್ಕಿಸಿ, ಬೆನ್ನು ಬಿರಿದು ಹೊರಗೆ ಬರುತ್ತದೆ. ಖಾಲಿ ಪೊರೆ ಹಾಗೇ ಕಚ್ಚಿಕೊಂಡು ಉಳಿಯುತ್ತದೆ. ನುಣುಪಾದ ನಂದಿಯ ಮೇಲೆ ಇವು ಕಾಣುವುದು ಅಪರೂಪ, ಮತ್ತಿಯ ಮೇಲೆ ಸಾಲುಸಾಲು. ಹಿಂಬದಿಯಿಂದ ಬೆಳಕು ಬಿದ್ದಾಗ ಪೊರೆ ಹೊಂಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಜಾಗದಲ್ಲಿ ಎರಡು ಪಾರದರ್ಶಕ ಗುಬುಟು.

ಏಪ್ರಿಲಿನ ಕೊನೆಯ ವಾರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಫೋಟೋ ಕಲಿಸುವವರೆಲ್ಲ ನಡುಹಗಲಿನಲ್ಲಿ ಕ್ಯಾಮೆರಾ ಒಳಗಿಡಿ ಎನ್ನುತ್ತಾರೆ. ಮುಖ ತೆಗೆಯುವವರಿಗೆ, ಬಯಲು ತೆಗೆಯುವವರಿಗೆ ಆ ಮಾತು ಸರಿ. ತೊಗಟೆ ತೆಗೆಯುವವರಿಗೆ ನಾನು ಒಪ್ಪುವುದಿಲ್ಲ. ಉತ್ತರಾಯಣದಲ್ಲಿ ಸೂರ್ಯ ಬಡಗಣಕ್ಕೆ ಸರಿಯುತ್ತ ನಮ್ಮ ಅಕ್ಷಾಂಶದ ಮೇಲೆ ಬರುವುದು ಏಪ್ರಿಲ್ ಕೊನೆಯಲ್ಲಿ. ಆ ದಿನಗಳಲ್ಲಿ ನಡುಹಗಲಿಗೆ ಬಿಸಿಲು ನೆತ್ತಿಯ ಮೇಲೆ ನೆಟ್ಟಗೆ ಬೀಳುತ್ತದೆ. ನೆಟ್ಟಗೆ ನಿಂತ ಕೋಲಿಗೆ ನೆರಳಿರುವುದಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಕೋಲು ನೆಟ್ಟು ಇದನ್ನು ತೋರಿಸಿದವನು ನಾನೇ. ಅದೇ ಬೆಳಕು ನೆಟ್ಟಗೆ ನಿಂತ ಮರದ ಮೈಗೆ ಏನು ಮಾಡುತ್ತದೆ ಎಂದು ಬೆಟ್ಟಕ್ಕೆ ಹೋಗಿ ನೋಡಿದೆ. ಮೇಲಿನಿಂದ ಇಳಿದ ಬಿಸಿಲು ತೊಗಟೆಯನ್ನು ಉದ್ದಕ್ಕೂ ಸವರಿಕೊಂಡು ಬುಡಕ್ಕೆ ಬರುತ್ತಿತ್ತು. ಬೆಳಗಿನ ಓರೆ ಬೆಳಕಿಗೆ ಎದ್ದು ಕಾಣುವುದು ಉದ್ದುದ್ದ ಬಿರುಕುಗಳು. ಈ ಬೆಳಕಿಗೆ ಅಡ್ಡ ಬಿರುಕುಗಳು, ಅಂದರೆ ಚಕ್ಕೆ ಚಕ್ಕೆಯನ್ನು ಬೇರೆ ಮಾಡುವ ಗೆರೆಗಳು ಎದ್ದವು. ಪ್ರತಿ ಚಕ್ಕೆಯ ಮೇಲಂಚಿಗೆ ಬೆಳಕಿನ ಪಟ್ಟಿ, ಕೆಳಗೆ ನೀಳ ನೆರಳು. ಕಡಿದ ಗಂಟುಗಳು ಒಂದೊಂದೂ ತನ್ನ ಕೆಳಗೆ ಮಾರುದ್ದ ನೆರಳು ಇಳಿಬಿಟ್ಟಿದ್ದವು. ಬೆಟ್ಟದ ಮತ್ತಿಗೆ ತುದಿಯಲ್ಲಿ ಒಂದು ಕುಚ್ಚು ಮಾತ್ರ ಇರುವುದರಿಂದಲೇ ಇದು ಸಾಧ್ಯ. ಕಾಡಿನ ಮತ್ತಿಯ ಹರಡಿದ ಟೊಂಗೆಗಳ ಕೆಳಗೆ ಈ ಬೆಳಕು ಸಿಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆ ಕುಚ್ಚಿನಲ್ಲಿ ತಾಮ್ರದ ಬಣ್ಣದ ಚಿಗುರು ಮೂಡಿರುತ್ತದೆ, ಚಗಳಿ ಇರುವೆಗಳು ಎಲೆ ಹೊಲಿಯಲು ಓಡಾಡುತ್ತಿರುತ್ತವೆ. ಈ ಕಾಲು ಗಂಟೆಯ ಬೆಳಕಿಗಾಗಿ ನಾನು ಮದುವೆ ಮುಂಜಿಗಳ ಊಟದ ಪಂಕ್ತಿ ಬಿಟ್ಟು ಎದ್ದು ಹೋದದ್ದಿದೆ. ದೊಡ್ಡಪ್ಪನಿಗೆ ಅದು ಅರ್ಥವಾಗುತ್ತಿರಲಿಲ್ಲ.

“ಎಂತ ತೆಗಿತೆ ಮಾರಾಯ ಆ ಮರದ್ದು? ಹೂ ಇಲ್ಲೆ, ಎಲೆ ಇಲ್ಲೆ.”

ಎಲೆ ಬಂದರೆ ಮೈ ಕಾಣುವುದಿಲ್ಲ ದೊಡ್ಡಪ್ಪ ಎಂದೆ. ಅವನು ಕವಳ ಹಾಕಿಕೊಂಡು ಸುಮ್ಮನಾದ. ಆದರೆ ಆಮೇಲೆ ಬೆಟ್ಟಕ್ಕೆ ಹೋಗಿ ಬಂದಾಗಲೆಲ್ಲ, ಅಲ್ಲೊಂದು ಮರದ ಮೈಮೇಲೆ ಕರಡಿ ಉಗುರು ಹಾಕಿದ್ದು ಕಂಡಿತು, ಇಲ್ಲೊಂದಕ್ಕೆ ಬಂದಣಿಕೆ ಬಿದ್ದಿದೆ ಎಂದು ಸುದ್ದಿ ತರತೊಡಗಿದ.

ಮೇ ತಿಂಗಳಿನ ಮೊದಲ ದೊಡ್ಡ ಮಳೆಗೆ ಎಲ್ಲವೂ ಬದಲಾಗುತ್ತದೆ. ಒಂದು ವರ್ಷ ಭರಣಿ ಮಳೆ ಮಧ್ಯಾಹ್ನ ಮೂರಕ್ಕೆ ಗುಡುಗಿನೊಂದಿಗೆ ಬಂತು. ಕ್ಯಾಮೆರಾವನ್ನು ಅಡಿಕೆ ಹಾಳೆಯ ಕೆಳಗೆ ಹಿಡಿದುಕೊಂಡು ಮರದ ಪಡುವಣ ಮುಖಕ್ಕೆ ಎದುರಾಗಿ ನಿಂತಿದ್ದೆ. ಮೊದಲ ಹನಿಗಳು ತೊಗಟೆಯ ಮೇಲೆ ಬಿದ್ದ ಕಡೆ ಕಪ್ಪು ಚುಕ್ಕೆ. ಚುಕ್ಕೆಗಳು ಕೂಡಿಕೊಳ್ಳುವಷ್ಟರಲ್ಲಿ ಮೇಲಿನ ಕವಲಿನಿಂದ ನೀರಿನ ಒಂದು ಗೆರೆ ಇಳಿಯಿತು. ಅದು ಬಿರುಕುಗಳ ಒಳಗೆ ದಾರಿ ಹುಡುಕಿಕೊಂಡು, ಚಕ್ಕೆಯ ಅಂಚಿನಲ್ಲಿ ತಡೆದು ನಿಂತು, ತುಂಬಿ, ಮುಂದಿನ ಬಿರುಕಿಗೆ ಜಾರಿ ಕೆಳಗೆ ಬರುತ್ತಿತ್ತು. ಒರಲೆಯ ಮಣ್ಣು ಕರಗಿ ಕೆಂಪಾಗಿ ಹರಿಯಿತು. ಬುಡದಲ್ಲಿ ನೊರೆ ಎದ್ದಿತು, ಅಂಗೈ ದಪ್ಪದ ಬೆಳ್ಳನೆ ನೊರೆ. ನೋಡಿದವರು ಸೋಪು ಎಂದುಕೊಳ್ಳಬೇಕು. ಬೇಸಿಗೆಯಿಡೀ ತೊಗಟೆಯ ಮೇಲೆ ಕೂತಿದ್ದ ಧೂಳು, ಲವಣ, ಮರದ್ದೇ ರಸಗಳು ನೀರಿಗೆ ಸೇರಿ, ಒರಟು ಮೈಮೇಲೆ ಕಡೆದಂತಾಗಿ ಹೀಗೆ ನೊರೆಯಾಗುತ್ತದೆ. ನಾಲ್ಕಾರು ಮಳೆ ಬಿದ್ದು ಮರ ತೊಳೆದುಕೊಂಡ ಮೇಲೆ ಇಷ್ಟು ನೊರೆ ಕಾಣುವುದಿಲ್ಲ.

ಆದರೆ ನಾನು ಮಳೆಗೆ ಮೈಯೊಡ್ಡಿ ನಿಂತದ್ದು ಸೀತಾಳೆಯ ಬೇರಿಗಾಗಿ. ಆಳೆತ್ತರಕ್ಕೆ ಸ್ವಲ್ಪ ಮೇಲೆ, ಹಳೆಯ ಗಂಟಿನ ಸಂದಿಯಲ್ಲಿ ಸೀತಾಳೆ ದಂಡೆಯ ಒಂದು ಗಿಡವಿದೆ. ಮೇ ಜೂನ್‌ನಲ್ಲಿ ನೇರಳೆ ಚುಕ್ಕೆಯ ಹೂಗೊಂಚಲು ಇಳಿಬಿಡುತ್ತದೆ, ಹೆಣ್ಣುಮಕ್ಕಳು ಮುಡಿಯಲು ಕೇಳುತ್ತಾರೆ. ಹೂವಿನ ಫೋಟೋ ಎಲ್ಲರೂ ತೆಗೆಯುತ್ತಾರೆ. ಬೇಸಿಗೆಯಲ್ಲಿ ಅದರ ಬೇರುಗಳು ತೊಗಟೆಗೆ ಅಂಟಿಕೊಂಡು ಬೆಳ್ಳಿಯ ಬೂದುಬಣ್ಣದಲ್ಲಿರುತ್ತವೆ, ಸತ್ತೇ ಹೋದಂತೆ. ಬೇರಿನ ಹೊರಗೆ ಗಾಳಿ ತುಂಬಿದ ಸತ್ತ ಕೋಶಗಳ ಪದರವಿದೆ. ಆ ಗಾಳಿಯೇ ಬಿಳುಪಿಗೆ ಕಾರಣ. ನೀರು ತಾಗಿದೊಡನೆ ಕೋಶಗಳು ನೀರು ತುಂಬಿಕೊಂಡು ಪಾರದರ್ಶಕವಾಗಿ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಹನಿ ಬಿದ್ದ ಜಾಗದಿಂದ ಹಸಿರು ಬೇರಿನುದ್ದಕ್ಕೂ ಹರಿಯುವುದನ್ನು ಕಣ್ಣಾರೆ ನೋಡಬಹುದು. ಪಕ್ಕದಲ್ಲಿ ಬೂದಿ ಬಣ್ಣದ ಕಲ್ಲುಹೂವೂ ಹಸಿರಾಗುತ್ತದೆ, ಮುದುಡಿ ಕಂದಾಗಿದ್ದ ಹಾವಸೆ ಬಿಚ್ಚಿಕೊಳ್ಳುತ್ತದೆ. ಚಕ್ಕೆಗಳು ಮಾತ್ರ ಇನ್ನಷ್ಟು ಕಪ್ಪು. ಕೆಲವೇ ನಿಮಿಷಗಳಲ್ಲಿ ಇಡೀ ಪಡುವಣ ಮೈ ಬೇರೆ ಮರದ್ದು ಎನ್ನಿಸುವಷ್ಟು ಬದಲಾಯಿತು. ಕಪ್ಪುಬಿಳುಪು ಫಿಲ್ಮು ಈ ಒಂದು ಸಂಗತಿಯನ್ನು ಹೇಳಲಾರದು: ಬೂದಿ ಬೇರು ಹಸಿರಾದದ್ದು ಅದಕ್ಕೆ ಬರೀ ಸ್ವಲ್ಪ ಕಪ್ಪಾದದ್ದು. ನಾನು ಬಣ್ಣಕ್ಕೆ ಬಂದದ್ದು ಆ ಬೇರಿನ ದೆಸೆಯಿಂದ.

ಇಷ್ಟು ಕಾಲ ನಾನು ಮರದ ಮೈ ಎಂದರೆ ಮಳೆ, ಬಿಸಿಲು, ಬೆಂಕಿ, ಹುಳು ಇವುಗಳ ಕೆಲಸ ಎಂದೇ ನೋಡುತ್ತಿದ್ದೆ. ಗಂಟುಗಳು ಚಿತ್ರಕ್ಕೆ ಒಳ್ಳೆಯ ಆಕಾರ ಕೊಡುತ್ತಿದ್ದವು, ಅಷ್ಟೇ. ಅದನ್ನು ಬೇರೆಯಾಗಿ ನೋಡಲು ಕಲಿಸಿದವರು ನಮ್ಮ ಬೆಟ್ಟಕ್ಕೆ ಸೊಪ್ಪು ಕಡಿಯಲು ಬರುತ್ತಿದ್ದ ಹಿರಿಯರು. ಅವರ ತಂದೆಯೂ ನಮ್ಮ ಅಜ್ಜನ ಕಾಲದಲ್ಲಿ ಇದೇ ಬೆಟ್ಟದಲ್ಲಿ ಸೊಪ್ಪು ಕಡಿದವರು. ಒಂದು ಮಳೆಗಾಲದ ಸಂಜೆ, ಹೊರೆ ಇಳಿಸಿ ಚಾ ಕುಡಿಯಲು ಜಗುಲಿಯಲ್ಲಿ ಕೂತಿದ್ದಾಗ, ಒಣಗಲು ಹಗ್ಗಕ್ಕೆ ಸಿಕ್ಕಿಸಿದ್ದ ದೊಡ್ಡ ಅಚ್ಚುಗಳನ್ನು ಅವರು ನೋಡಿದರು. ಅದರಲ್ಲೊಂದು ಆ ಏಪ್ರಿಲ್ ನಡುಹಗಲಿನದು: ಮೇಲೆ ಕೆಳಗೆ ಮೂರು ಗಂಟು, ಮೂರಕ್ಕೂ ನೀಳ ನೆರಳು. ಲೋಟ ಕೆಳಗಿಟ್ಟು ಎದ್ದು ಬಂದರು.

“ಇದು ಮಾಸ್ತರೇ, ಆಚೆ ಧರೆ ಮೇಲಿನ ಮತ್ತಿ ಅಲ್ವಾ?”

ಹೌದು ಎಂದೆ. ಕೆಳಗಿನ ಗಂಟಿನ ಮೇಲೆ ಬೆರಳಿಟ್ಟರು. “ಇದು ನಂದು. ಇದೂ ನಂದೇ.” ಮೇಲಿನದರ ಹತ್ತಿರ ಬೆರಳು ತಡೆಯಿತು. ಸ್ವಲ್ಪ ಹೊತ್ತು ನೋಡಿದರು. “ಇದು ನನ್ನ ಕತ್ತಿದಲ್ಲ. ನಮ್ಮಪ್ಪಂದು. ಅಂವ ಎಡಚ.”

ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ಜಗುಲಿಯ ಕಂಬವನ್ನೇ ಒಂದು ಕೈಯಲ್ಲಿ ತಬ್ಬಿ ತೋರಿಸಿದರು. ಮರ ಹತ್ತಿದವನು ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದರಲ್ಲಿ ಕತ್ತಿ ಬೀಸುತ್ತಾನೆ. ಬಲಗೈಯವನ ಕತ್ತಿ ಬಲಮೇಲಿನಿಂದ ಎಡಕೆಳಗೆ ಇಳಿಯುತ್ತದೆ. ಕಡಿದ ಮುಖ ಆ ಕಡೆಗೆ ಓರೆ. ಎಡಗೈಯವನದು ತಿರುಗುಮುರುಗು. ಮೂರು ಗಂಟುಗಳಲ್ಲಿ ಮೇಲಿನದರ ಓರೆ ಮಾತ್ರ ಬೇರೆ ಕಡೆಗಿತ್ತು. ವರ್ಷಗಟ್ಟಲೆ ಅದೇ ಮರವನ್ನು ಕಣ್ಣಿಗೆ ಕಣ್ಣಿಟ್ಟು ನೋಡಿದ್ದ ನಾನು ಅದನ್ನು ಬರೀ ನೆರಳಿನ ಚೆಂದ ಎಂದು ಚೌಕಟ್ಟಿಗೆ ತಂದಿದ್ದೆ. ಅವರಿಗೋ ಮರದ ಮೇಲೆ ಇದ್ದಾಗ ಕಾಲಿನ ಜಾಗ, ಕತ್ತಿಯ ಜಾಗ ಬಿಟ್ಟು ಬೇರೇನೂ ನೋಡಲು ಪುರಸೊತ್ತಿರಲಿಲ್ಲ. ಕಾಗದದ ಮೇಲೆ ಬಂದ ಮೇಲೆ ಇಬ್ಬರಿಗೂ ಕಂಡಿತು.

ಆಮೇಲೆ ಅವರ ಜೊತೆ ಬೆಟ್ಟಕ್ಕೆ ಹೋಗುವುದು ರೂಢಿಯಾಯಿತು. ಸೊಪ್ಪು ಕಡಿಯುವಾಗ ಟೊಂಗೆಯನ್ನು ಕಾಂಡಕ್ಕೆ ಸಮ ಮಾಡಿ ಕಡಿಯಬಾರದು, ಗೇಣಷ್ಟು ಬಿಟ್ಟು ಕಡಿದರೆ ಮುಂದಿನ ಚಿಗುರಿಗೂ ಆಯಿತು, ಮುಂದಿನ ಸಲ ಕಾಲಿಡಲೂ ಆಯಿತು ಎಂದು ಅವರು ಹೇಳಿದ್ದು. ಆ ಕಾಲಿಟ್ಟ ಜಾಗಗಳನ್ನು ಅವರು ತೋರಿಸಿದ ಮೇಲೆ ಹುಡುಕಿ ಹುಡುಕಿ ತೆಗೆದೆ. ಅಲ್ಲಿ ಚಕ್ಕೆಯ ಚೂಪು ಅಂಚು ಉಳಿದಿಲ್ಲ. ಹೆಬ್ಬೆರಳು ಒತ್ತಿ ಒತ್ತಿ ತೊಗಟೆ ದುಂಡಗೆ ಸವೆದು, ಅಂಗಾಲಿನ ಎಣ್ಣೆ ಹೀರಿ, ಮಾರ್ಚಿನ ಬೆಳಿಗ್ಗೆ ಮಂದವಾಗಿ ಹೊಳೆಯುತ್ತದೆ. ಒಂದು ಮರದ ಮೈಮೇಲೆ ಅಂಥ ಮೆಟ್ಟಿಲುಗಳು ಬುಡದಿಂದ ತುದಿಯವರೆಗೆ ಒಂದು ಸಾಲು. ನಮ್ಮ ತೋಟದ ಅಡಿಕೆಗೆ ಬಹುಮಾನ ಬಂದದ್ದು, ಅಜ್ಜ ಮನೆ ಕಟ್ಟಿಸಿದ್ದು, ನಾನು ಓದಿದ್ದು, ಕ್ಯಾಮೆರಾ ಕೊಂಡದ್ದು ಎಲ್ಲದರ ಬೇರು ಈ ಸವೆದ ಚಕ್ಕೆಗಳಲ್ಲಿತ್ತು. ನಮ್ಮ ಮನೆಯ ಲೆಕ್ಕದ ಪುಸ್ತಕಗಳಲ್ಲಿ ಸೊಪ್ಪಿನ ಹೊರೆಗಳ ಸಂಖ್ಯೆ ಇದೆ, ಹೊತ್ತವರ ಕೂಲಿ ಇದೆ. ಯಾವ ಕೈ ಯಾವ ಟೊಂಗೆ ಕಡಿಯಿತು ಎಂಬುದು ಮರದಲ್ಲಿ ಬಿಟ್ಟು ಬೇರೆಲ್ಲೂ ಬರೆದಿಲ್ಲ.

ಮರವೂ ಅದನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೀಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ ಹಾಗೆ, ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ಒಳಗಿನಿಂದ ಗೋಡೆ ಕಟ್ಟಿ ಬೇರೆ ಮಾಡುತ್ತದೆ, ಹೊರಗಿನಿಂದ ಹೊ‌ಸ ಮರ ತುಟಿಯಂತೆ ಸುತ್ತ ಬೆಳೆದು ಬಾಯಿ ಮುಚ್ಚುತ್ತದೆ. ಗಾಯ ಒಳಗೆ ಹಾಗೇ ಇರುತ್ತದೆ. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಕತ್ತಿ ಬೀಳುತ್ತಿದ್ದಾಗ ಆ ಬಾಯಿಗಳು ಮುಚ್ಚಲು ಪುರಸೊತ್ತಿರಲಿಲ್ಲ. ಈಗ ಮುಚ್ಚುತ್ತಿವೆ. ಹಳ್ಳಿಗಳಲ್ಲಿ ದನ ಕಡಿಮೆಯಾಗಿವೆ, ಕೊಟ್ಟಿಗೆಗೆ ಹಾಸಲು ಅಷ್ಟು ಸೊಪ್ಪು ಬೇಡ. ಮರ ಹತ್ತುವವರೂ ಸಿಗುವುದಿಲ್ಲ, ಸಿಗಬೇಕು ಎಂದು ಬಯಸುವುದೂ ನನಗೆ ಸರಿ ಕಾಣುವುದಿಲ್ಲ. ಮಳೆಯಲ್ಲಿ ಜಾರುವ ಮರ ಹತ್ತಿ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ. ಗೊಬ್ಬರ ಲಾರಿಯಲ್ಲಿ ಬರುತ್ತದೆ. ಬೆಟ್ಟದ ಮತ್ತಿಗಳು ಮತ್ತೆ ಟೊಂಗೆ ಹರಡತೊಡಗಿವೆ. ಕಾಡಿಗೆ ಅದು ಒಳ್ಳೆಯದೇ. ಏಪ್ರಿಲ್ ಕೊನೆಯ ನಡುಹಗಲಿನ ಬೆಳಕು ಈಗ ಬುಡದವರೆಗೆ ಇಳಿಯುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ ಈಗ ನನ್ನ ಕೆಲಸದ ಕ್ರಮ ಬೇರೆ. ಬಿಡಿ ಚಿತ್ರಗಳ ಚೆಂದಕ್ಕಿಂತ ಗಂಟುಗಳ ಪಟ್ಟಿ ಮುಖ್ಯವಾಗಿದೆ. ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಮುಕ್ಕಾಲಿ. ಮರ ದುಂಡಗಿರುವುದರಿಂದ ಅಂಚುಗಳೂ ಸ್ಪಷ್ಟ ಬರಲಿ ಎಂದು ಎಫ್ 11 ಅಥವಾ 16. ಪಕ್ಕದಲ್ಲಿ ಅಳತೆಗೆ ಒಂದು ಪಟ್ಟಿ. ಬುಡದಿಂದ ಶುರುಮಾಡಿ, ಮೂಡಣ ಮುಖ, ತೆಂಕಣ, ಪಡುವಣ, ಬಡಗಣ ಎಂದು ಸುತ್ತು ಬರುತ್ತೇನೆ. ಮೇಲಿನವಕ್ಕೆ ಅಡಿಕೆ ಕೊನೆ ಕೊಯ್ಯುವವರ ಏಣಿ. ಆ ಹಿರಿಯರಿಗೆ ಈಗ ಬೆಟ್ಟ ಹತ್ತಲು ಆಗುವುದಿಲ್ಲ. ಅಚ್ಚು ಹಾಕಿಸಿ ಅವರ ಮನೆಗೇ ಒಯ್ಯುತ್ತೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ದೃಷ್ಟಿ ಚುರುಕಾಗಿದೆ; ಕಿಟಕಿಯ ಹತ್ತಿರ ಚಾಪೆ ಹಾಸಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾರೆ. ಅವರು ಹೇಳಿದ್ದನ್ನು ಚಿತ್ರದ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ: ಎತ್ತರ, ದಿಕ್ಕು, ತೆಗೆದ ದಿನ, ಮಳೆಯ ನಕ್ಷತ್ರ, ಕತ್ತಿ ಯಾರದು. ಪಟ್ಟಿಯಲ್ಲಿ ಅವರ ಚಿಕ್ಕಪ್ಪನ ಕೈ ಇದೆ, ಘಟ್ಟದ ಕೆಳಗಿನಿಂದ ಬಂದು ಒಂದೇ ಮಳೆಗಾಲ ಕೆಲಸ ಮಾಡಿ ಹೋದ ಹುಡುಗನ ಕೈ ಇದೆ. ಯೌವನದಲ್ಲಿ ಹಟಕ್ಕೆ ಬಿದ್ದು ಒಮ್ಮೆ ಮರ ಹತ್ತಿದ್ದ ನಮ್ಮ ದೊಡ್ಡಪ್ಪನದೂ ಒಂದಿದೆ. ಕಡಿತ ಎರಡು ಸಲ ತಪ್ಪಿ ಮೂರನೆಯದಕ್ಕೆ ಟೊಂಗೆ ಬಿದ್ದದ್ದು ಅದರಲ್ಲಿ ಈಗಲೂ ಕಾಣುತ್ತದೆ. ಎರಡು ಪ್ರತಿ ಮಾಡಿಸಿದ್ದೇನೆ, ಒಂದು ನಮ್ಮ ಮನೆಗೆ, ಒಂದು ಅವರ ಮನೆಗೆ. ಮೇಲಿನ ಎಡಗೈ ಗಂಟಿನ ಬಾಯಿ ಇನ್ನೂ ಎರಡು ಬೆರಳಿನಷ್ಟು ತೆರೆದಿದೆ. ಮುಂದಿನ ಮಾರ್ಚಿಗೆ ಅದನ್ನು ಇನ್ನಷ್ಟು ಹತ್ತಿರದಿಂದ ತೆಗೆಯಬೇಕು, ಕತ್ತಿಯ ಅಲಗಿನ ಗೆರೆ ಒಂದೊಂದೂ ಎಣಿಸಲು ಸಿಗುವ ಹಾಗೆ ದೊಡ್ಡದಾಗಿ ಅಚ್ಚು ಹಾಕಿಸಿ ಕೊಡಬೇಕು ಎಂದು ಅವರೇ ಕೇಳಿದ್ದಾರೆ.